ಅವ್ವನ ಒಲೆ

ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಎದ್ದ ಕಾಲ. ಅಲ್ಲಿನ ದೊಡ್ಡ ಹೋಟೆಲಿನಲ್ಲಿ ಶಿವಶರಣ ಹೆಸರಾಂತ ಶೆಫ್. ಇಟಲಿಯ ಪಾಸ್ತಾ, ಥಾಯ್ ಸೂಪು, ಜಪಾನಿನ ಮೀನು, ಯಾವುದಕ್ಕೂ ಸೈ. ಆದರೆ ಊರಿನ ಇನ್ನೊಂದು ತುದಿಯ ಕುಷಾಯಿಗೂಡದ ಸ್ವಂತ ಮನೆಯಲ್ಲಿ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಮಾಂಸ ಮುಟ್ಟಿದ ಕೈ ಎಂದು ಅವ್ವ ಗುರಮ್ಮ ಅವನು ಕೆಲಸಕ್ಕೆ ಸೇರಿದಾಗಲೇ ಕಡ್ಡಿ ಮುರಿದಂತೆ ಹೇಳಿದ್ದಳು. ಹಟದಲ್ಲಿ ಇವನೂ ಅವಳ ಮಗನೇ. ಒಮ್ಮೆಯೂ ಒಳಗೆ ಬರಲೇ ಎಂದು ಕೇಳಲಿಲ್ಲ.

ಹಾಸಿಗೆ ಹಿಡಿದ ಮೇಲೆ ಅವಳೇ ಕರೆದಳು. "ಒಂದು ಜ್ವಾಳದ ರೊಟ್ಟಿ ಮಾಡಿ ಕೊಡಪಾ."

ಪಿಜ್ಜಾಕ್ಕೆ ಮೈದಾ ನಾದಿದ ರೂಢಿಯಲ್ಲಿ ಅವನು ಜೋಳದ ಹಿಟ್ಟಿಗೂ ತಣ್ಣೀರು ಸುರಿದ. ತಟ್ಟಿದ ರೊಟ್ಟಿಯೆಲ್ಲ ಬಿರಿದು ಚೂರಾಯಿತು. ನಾಚುತ್ತಲೇ ಚೂರುಗಳನ್ನು ಹಾಲಿನಲ್ಲಿ ನೆನೆಸಿ ಒಯ್ದ.

ಅವ್ವ ಒಂದು ತುತ್ತು ನುಂಗಿ ಅವನ ಕೈ ಹಿಡಿದುಕೊಂಡಳು. "ಕುದಿಯೋ ನೀರು ಹಾಕಿ ನಾದಬೇಕಪಾ. ನಿನಗರ ಹೆಂಗ ಗೊತ್ತಾಗಬೇಕು? ನಾ ಎಂದೂ ನಿನ್ನ ಒಲಿ ಹತ್ತಿರ ಬಿಡಲೇ ಇಲ್ಲ."

ಅವಳು ತೀರಿದ ಮೇಲೆ, ಎಡೆ ಇಡುವ ದಿನ ಅವನೇ ಒಲೆಯ ಮುಂದೆ ನಿಂತು ನೀರು ಕುದಿಸಿದ. ರೊಟ್ಟಿ ಎಲ್ಲೂ ಬಿರಿಯದೆ ದುಂಡಗೆ ಉಬ್ಬಿತು. ಹಂಚಿನಿಂದ ತೆಗೆದವನೇ, ಹೊರಗೆ ನೆಂಟರು ಕೂತಿದ್ದುದನ್ನೂ ಮರೆತು, "ಅವ್ವಾ, ನೋಡ ಬಾ ಇಲ್ಲೆ!" ಎಂದು ಕೂಗಿಬಿಟ್ಟ.