ಮೊದಲ ಫೋನು ಅಪ್ಪನಿಗೆ

ತಮ್ಮ ನಡುಮನೆಯಲ್ಲೇ ಏಳು ಮಕ್ಕಳನ್ನು ನೋಡಿಕೊಳ್ಳುವ ಆಂಟಿಗೆ ಒಂದೇ ಹಟ: ಮಗು ಸೀನಿದರೂ ಫೋನು ಹೋಗುವುದು ಅಪ್ಪನಿಗೆ. "ಸಾರ್, ಪುಟ್ಟಿ ಕಾಲುಚೀಲ ಒಂದು ಕಾಣ್ತಿಲ್ಲ, ಬಣ್ಣ ಯಾವುದು ಹೇಳಿ." ಅಪ್ಪ ಮೀಟಿಂಗಿನಿಂದಲೇ ಪಿಸುಗುಡುತ್ತಾನೆ, "ಅವಳಮ್ಮನ್ನ ಕೇಳಿ ಆಂಟಿ." "ಯಾಕೆ ಸಾರ್, ಮಗು ನಿಮಗೂ ಏನೋ ಆಗಬೇಕಲ್ವಾ?" ಜ್ವರ ಬರಲಿ, ಮೂಗಿನೊಳಗೆ ಬಟಾಣಿ ಸೇರಲಿ, ಏದುಸಿರು ಬಿಡುತ್ತ ಓಡಿಬರುವವರು ಅಪ್ಪಂದಿರೇ. ತಿಂಗಳೊಳಗೆ ಅವರಿಗೆ ಲಸಿಕೆಯ ತಾರೀಖಿನಿಂದ ಹಿಡಿದು ಗೊಂಬೆಯ ಹೆಸರಿನವರೆಗೆ ಎಲ್ಲವೂ ಬಾಯಿಪಾಠ. ಹೊಸ ಕೆಲಸಕ್ಕೆ ಸೇರಿದ್ದ ತಾಯಿಯೊಬ್ಬಳು ಮಾತ್ರ ನೊಂದುಕೊಂಡು ಕೇಳಿದಳು, "ನನಗ್ಯಾಕೆ ಮಾಡಲ್ಲ ಆಂಟಿ? ನಾನು ತಾಯಿ ಅಲ್ವಾ?" ಆಂಟಿ ಮಗುವಿನ ಮೂಗು ಒರೆಸುತ್ತ ಅಂದರು, "ನಾನೂ ಒಂದು ಕಾಲಕ್ಕೆ ಆಫೀಸಿಗೆ ಹೋಗ್ತಿದ್ದವಳೇ ಕಣಮ್ಮಾ. ಮಗನ ಶಾಲೆಯಿಂದ ಫೋನ್ ಬಂದಾಗಲೆಲ್ಲ ಎದ್ದು ಓಡ್ತಿದ್ದೆ. ಒಂದಿನ ವಾಪಸ್ ಹೋದ್ರೆ, ನನ್ನ ಕುರ್ಚಿಲಿ ಬೇರೆ ಯಾರೋ ಕೂತಿದ್ರು."