ಮೂದೇವಿಗೆ ಜ್ವರ ನೋಡಿದ್ದು

ಜ್ವರ ನೋಡುವುದರಲ್ಲಿ ನನ್ನದು ಪಳಗಿದ ಕೈ ಎಂದು ಒಂದು ಕಾಲಕ್ಕೆ ನಮ್ಮ ಬೀದಿಯಲ್ಲಿ ಹೆಸರಿತ್ತು. ಆ ಹೆಸರಿಗೂ ನನ್ನ ವಿದ್ಯೆಗೂ ಸಂಬಂಧವಿಲ್ಲ. ಬೀದಿಯಲ್ಲಿ ಥರ್ಮಾಮೀಟರು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಊರಿಗೊಬ್ಬಳೇ ಪದ್ಮಾವತಿ ಎನ್ನುತ್ತಾರಲ್ಲ, ಹಾಗೆ. ರಾಜಾಜಿನಗರ ಆಗಿನ್ನೂ ನಗರವಾಗಿರಲಿಲ್ಲ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಕಲ್ಲುಗಳ ನಡುವೆ ಲಂಟಾನದ ಪೊದೆ ಬೆಳೆದಿತ್ತು, ಪೊದೆಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ ಎದ್ದಿತ್ತು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಡಾಕ್ಟರು ಬೇಕೆಂದರೆ ಮಲ್ಲೇಶ್ವರದ ಕಡೆಗೆ ಸೈಕಲ್ಲು ತುಳಿಯಬೇಕು. ಹೀಗಾಗಿ ಯಾರ ಮೈ ಬಿಸಿಯಾದರೂ ಮೊದಲು ತಟ್ಟುತ್ತಿದ್ದದ್ದು ನಮ್ಮ ಬಾಗಿಲು. ಕಚೇರಿಯಲ್ಲಿ ಬರೀ ಗುಮಾಸ್ತನಾದ ನಾನು ಬೀದಿಯಲ್ಲಿ ಅರ್ಧ ಡಾಕ್ಟರಾಗಿ ಮೆರೆಯುತ್ತಿದ್ದೆ.

ಆದರೆ ಜ್ವರ ನೋಡುವ ಕ್ರಮವನ್ನು ಗೊತ್ತುಮಾಡಿದವಳು ನಮ್ಮ ಅವ್ವ. ಅವಳು ತಿಪಟೂರು ಕಡೆಯವಳು. ಸ್ನಾನ, ವಿಭೂತಿ, ಲಿಂಗಪೂಜೆ ಆಗುವ ತನಕ ಹನಿ ನೀರು ಮುಟ್ಟುವವಳಲ್ಲ. ಒಬ್ಬರ ಬಾಯಿಗಿಟ್ಟ ಗಾಜಿನ ಕಡ್ಡಿಯನ್ನು ಇನ್ನೊಬ್ಬರ ಬಾಯಿಗಿಡುವುದನ್ನು ಯೋಚಿಸಿದರೇ ಅವಳ ಮುಖ ಹಿಂಡಿಕೊಳ್ಳುತ್ತಿತ್ತು. "ಊರೋರ ಎಂಜಲೆಲ್ಲ ಒಂದೇ ಕಡ್ಡೀಲಾ?" ಎಂದು ಥರ್ಮಾಮೀಟರಿಗೆ ಬಾಯಿಯ ದಾರಿಯನ್ನು ಬಂದ್ ಮಾಡಿಸಿದಳು. ಕಂಕುಳೇ ಗತಿ. ಕಂಕುಳಲ್ಲಿ ಒಂದು ಡಿಗ್ರಿ ಕಮ್ಮಿ ತೋರುತ್ತದೆ ಎಂದು ಯಾರೋ ಹೇಳಿದ್ದರಿಂದ, ಬಂದದ್ದಕ್ಕೆ ಒಂದು ಸೇರಿಸಿ ಹೇಳುವುದು ನಮ್ಮ ಮನೆಯ ಶಾಸ್ತ್ರವಾಯಿತು. ಮನೆಯಿಂದ ಅದು ಬೀದಿಗೂ ಹಬ್ಬಿತು. ಪಾದರಸ ಎಲ್ಲಿಗೇ ಏರಲಿ, ಮೇಲೊಂದು ನಮ್ಮ ಕೊಡುಗೆ. ಮದುವೆಯ ಮುಯ್ಯಿಗೆ ಕೊನೆಯಲ್ಲಿ ಒಂದು ರೂಪಾಯಿ ಸೇರಿಸುವುದಿಲ್ಲವೇ!

ಅವ್ವನಿಗಾದರೋ ಈ ಗಾಜಿನ ಕಡ್ಡಿಯ ಮೇಲೇ ನಂಬಿಕೆಯಿರಲಿಲ್ಲ. ಹಾಲಿಗೆ ಹೆಪ್ಪು ಹಾಕುವಾಗ ಕಿರುಬೆರಳು ಅದ್ದಿ ಕಾವು ನೋಡುವವಳು, ಮುದ್ದೆಗೆ ಎಸರು ಬಂತೋ ಇಲ್ಲವೋ ಎಂದು ಸದ್ದಿನಲ್ಲೇ ಹೇಳುವವಳು. ನಮ್ಮ ಮಾತಿನಲ್ಲಿ ಬಿಸಿಗೆ ಎಷ್ಟೊಂದು ಮೆಟ್ಟಿಲುಗಳಿವೆ ನೋಡಿ: ಉಗುರುಬೆಚ್ಚಗೆ, ಬೆಚ್ಚಗೆ, ಬಿಸಿ, ಸುಡುಸುಡು, ಕೊತಕೊತ. ಉಗುರಿನಿಂದಲೇ ಅಳತೆ ಶುರುಮಾಡಿದ ಜನ ನಾವು. ಗಾಜಿಗೆ ಕಾಯುತ್ತ ಕೂತಿರಲಿಲ್ಲ. ಈ ಮಾತನ್ನು ನಾನು ಅವ್ವನ ಎದುರು ಆಡುತ್ತಿರಲಿಲ್ಲ. ಆಡಿದ್ದರೆ "ಕೆಲಸ ಇಲ್ವಾ ನಿಂಗೆ?" ಎನ್ನುತ್ತಿದ್ದಳು.

ಬೈಯುವುದು ಅವ್ವನ ಸ್ವಭಾವ. ಕಚೇರಿಯಿಂದ ತಡವಾಗಿ ಬಂದರೆ ಬೈಗುಳ, ಬೇಗ ಬಂದರೆ "ಓಡಿಸಿಬಿಟ್ರಾ?" ಎಂದು ಬೈಗುಳ. ಮದುವೆಯಾಗಿ ಮೀಸೆ ಬಲಿತ ಮಗನನ್ನು ಹೆಂಡತಿಯ ಎದುರಿಗೇ ಹೀಗೆ ಜಾಡಿಸಿದರೆ ಯಾರಿಗಾದರೂ ಮುಜುಗರವೇ. ಅವ್ವನಿಗೆ ನನ್ನ ಮೇಲೆ ಏನೋ ಒಂದು ಅಸಮಾಧಾನ ಇದ್ದೇ ಇದೆ ಎಂದು ನಾನು ಬಹುಕಾಲ ನಂಬಿದ್ದೆ.

ನಾಯಿಗೂ ಅದೇ ಪಾಲು. ಕುರುಬರಹಳ್ಳಿಯಿಂದ ಹಾಲು ತರುತ್ತಿದ್ದ ಮುನಿಯಮ್ಮನ ಹಿಂದೆ ಒಂದು ಬೆಳಿಗ್ಗೆ ಬಂದ ಕಂದು ಬಣ್ಣದ ಮರಿ, ಅವಳ ಜೊತೆ ಹಿಂದಿರುಗುವುದನ್ನು ಮರೆತುಬಿಟ್ಟಿತು. ನಾನು ಆಸೆಯಿಂದ ಟೈಗರ್ ಎಂದು ಹೆಸರಿಟ್ಟೆ. ಅವ್ವ ಮಾತ್ರ "ಥೂ ಮೂದೇವಿ, ಹೊಸ್ತಿಲು ದಾಟಬೇಡ ಅಂತ ಎಷ್ಟು ಸಲ ಬಡ್ಕೊಳ್ಲಿ ನಿಂಗೆ!" ಎಂದು ದಿನವೆಲ್ಲ ಗದರುತ್ತಿದ್ದಳು. ನಾಯಿ ಎರಡನ್ನೂ ತೂಗಿ ನೋಡಿ, ಹೆಚ್ಚು ಸಲ ಕೇಳಿಬಂದದ್ದೇ ತನ್ನ ಹೆಸರೆಂದು ತೀರ್ಮಾನಿಸಿತು. ಟೈಗರ್ ಎಂದರೆ ಕಿವಿಯನ್ನೂ ಅಲ್ಲಾಡಿಸದು. ಮೂದೇವಿ ಎಂದರೆ ಓಡಿಬಂದು ಬಾಲ ಬಡಿಯುವುದು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಮೂದೇವಿ ಅನ್ನ ಬಿಟ್ಟಿತು. ತಟ್ಟೆಯ ಹತ್ತಿರ ಹೋಗುವುದು, ಮೂಸುವುದು, ಹಿಂದಕ್ಕೆ ಸರಿಯುವುದು. ನೀರಿಗೆ ಬಾಯಿ ಹಾಕಿದರೆ ಕುಡಿದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಬಾಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಮುಂಗಾಲಿನಿಂದ ಮೂತಿಯನ್ನು ಮತ್ತೆ ಮತ್ತೆ ಉಜ್ಜಿಕೊಳ್ಳುತ್ತಿತ್ತು. ಎದುರು ಮನೆಯ ರಾಮಶೇಷಯ್ಯನವರು ಗೇಟಿನ ಆಚೆ ನಿಂತೇ ಇದನ್ನೆಲ್ಲ ನೋಡಿದರು. ಅವರು ನಿವೃತ್ತ ಮೇಷ್ಟರು, ಒಳ್ಳೆಯವರು, ಮನೆ ತುಂಬ ಮೊಮ್ಮಕ್ಕಳಿದ್ದವರು.

"ಜೊಲ್ಲು ಸುರಿಸ್ತಿದೆ, ನೀರು ಬೇಡ ಅಂತಿದೆ. ಇದು ಹುಚ್ಚೇ ಕಣ್ರೀ. ಮಕ್ಕಳು ಓಡಾಡೋ ಬೀದಿ ಇದು. ಮೊದಲು ಜ್ವರ ಇದೆಯಾ ನೋಡಿ, ನೀವೇ ಎಕ್ಸ್‌ಪರ್ಟು," ಅಂದರು.

ಎಕ್ಸ್‌ಪರ್ಟು ಎನಿಸಿಕೊಂಡವನು ಹಿಂಜರಿಯುವಂತಿಲ್ಲ. ನಾಯಿಗೆ ಕಂಕುಳಿದೆಯೇ ಎಂಬ ಪ್ರಶ್ನೆ ಅಲ್ಲಿಯವರೆಗೆ ನನಗೆ ಹುಟ್ಟಿರಲಿಲ್ಲ. ಇದೆ. ಮುಂಗಾಲಿನ ಸಂದಿಯಲ್ಲಿ, ಕೂದಲು ಕಮ್ಮಿ ಇರುವ ಕಡೆ, ಮೆತ್ತಗೆ ಬೆಚ್ಚಗೆ ಇದೆ. ಅಲ್ಲಿ ಥರ್ಮಾಮೀಟರು ಸಿಕ್ಕಿಸಿ, ಕಾಲನ್ನು ಒತ್ತಿಹಿಡಿದು ಕೂತೆ. ಮೂದೇವಿ ನನ್ನ ಮುಖವನ್ನೇ ನೋಡುತ್ತಿತ್ತು. ತೆಗೆದು ಬೆಳಕಿಗೆ ಹಿಡಿದರೆ, ಪಾದರಸ ಮನುಷ್ಯರ ಸಹಜ ಕಾವಿಗೆ ಹಾಕಿದ ಕೆಂಪು ಗುರುತನ್ನು ಎಂದೋ ದಾಟಿ, ನೂರನ್ನೂ ದಾಟಿ ನಿಂತಿತ್ತು. ಗೇಟಿನ ಬಳಿ ನೆರೆದಿದ್ದವರೆಲ್ಲ ಒಕ್ಕೊರಲಿನಿಂದ ನಮ್ಮ ಮನೆಯ ಶಾಸ್ತ್ರವನ್ನು ನನಗೇ ನೆನಪಿಸಿದರು: "ಕಂಕುಳದ್ದು ಒಂದು ಸೇರಿಸಿ!" ಸೇರಿಸಿದೆ. ನೂರಾ ಒಂದೂ ದಾಟಿತು. ರಾಮಶೇಷಯ್ಯನವರು ನಿಟ್ಟುಸಿರು ಬಿಟ್ಟು, ನಾಳೆ ಬೆಳಿಗ್ಗೆ ಕಾರ್ಪೊರೇಷನ್ನಿನ ನಾಯಿ ಗಾಡಿಗೆ ಹೇಳಿಕಳಿಸುತ್ತೇನೆ ಎಂದರು. ಆ ಗಾಡಿಯಲ್ಲಿ ಹೋದ ನಾಯಿ ವಾಪಸು ಬಂದದ್ದನ್ನು ಯಾರೂ ಕಂಡಿರಲಿಲ್ಲ. ನನ್ನ ಕೈಯ ಅಳತೆಯೇ ಅದರ ಕೊರಳಿಗೆ ಉರುಳಾಗಿತ್ತು.

ನಾಯಿಯನ್ನು ಕಂಬಕ್ಕೆ ಕಟ್ಟಿ, ಸೈಕಲ್ಲು ತುಳಿದುಕೊಂಡು ಪೇಟೆಯ ಕಡೆಯ ದನದ ಆಸ್ಪತ್ರೆಗೆ ಓಡಿದೆ. ಅಲ್ಲಿನ ಡಾಕ್ಟರು ಒಂದು ಎತ್ತಿನ ಗೊರಸು ನೋಡುತ್ತಿದ್ದರು. ನನ್ನ ಕಥೆಯನ್ನೆಲ್ಲ ತಲೆಯೆತ್ತದೆ ಕೇಳಿದವರು, ಕಂಕುಳು ಎಂದ ಕೂಡಲೇ ತಲೆಯೆತ್ತಿದರು.

"ಕಂಕುಳಲ್ಲಿ ಇಟ್ರಾ? ಮೇಲೆ ಒಂದು ಡಿಗ್ರಿ ಬೇರೆ ಸೇರಿಸಿದ್ರಾ?" ಎಂದು ಮನಸ್ಸು ಬಿಚ್ಚಿ ನಕ್ಕರು. "ನಾಯಿಗೆ ನೂರಾ ಒಂದು, ನೂರಾ ಎರಡು ಅಂದ್ರೆ ಆರೋಗ್ಯ ಕಣ್ರೀ. ಒಂದೊಂದು ಜೀವಕ್ಕೂ ಅದರದ್ದೇ ಕಾವು ಇರತ್ತೆ. ನಿಮ್ಮ ಕೆಂಪು ಗುರುತು ಇಟ್ಕೊಂಡು ಅದನ್ನ ಅಳೀಬೇಡಿ."

"ಹಾಗಾದ್ರೆ ಹುಚ್ಚಲ್ವಾ ಸಾರ್?"

"ಅದನ್ನ ನೋಡದೆ ಹೇಳಕ್ಕಾಗಲ್ಲ. ಜ್ವರ ನೋಡಿ ಹುಚ್ಚು ಹೇಳೋಕೂ ಆಗಲ್ಲ. ಸಾಯಂಕಾಲ ನಾನೇ ಬರ್ತೀನಿ. ಅಷ್ಟರಲ್ಲಿ ಸರಿಯಾದ ಜಾಗದಲ್ಲಿ ಒಂದು ಸಲ ನೋಡಿಡಿ. ಬಾಯಿಗೆ ಮಾತ್ರ ಕೈ ಹಾಕಬೇಡಿ."

ಸರಿಯಾದ ಜಾಗ ಯಾವುದೆಂದು ಅವರು ಎತ್ತಿನ ಮೇಲೇ ತೋರಿಸಿದರು. ನಾನು ಸೈಕಲ್ಲು ತುಳಿಯುತ್ತ ದಾರಿಯುದ್ದಕ್ಕೂ ಯೋಚಿಸಿದ್ದು ಒಂದೇ. ಆ ಜಾಗ ಕಂಡು ಬಂದ ಥರ್ಮಾಮೀಟರನ್ನು ಕಾಯಿಸಿ ತೊಳೆದರೂ, ಗಂಗೆಯಲ್ಲಿ ಅದ್ದಿದರೂ, ಮತ್ತೆ ಬೀದಿಯ ಯಾರೂ ಕಂಕುಳಿಗೂ ಇಟ್ಟುಕೊಳ್ಳುವುದಿಲ್ಲ. ಅವ್ವನಂತೂ ಅದನ್ನು ಮನೆಯೊಳಗೇ ಬಿಡುವುದಿಲ್ಲ. ನನ್ನ ಡಾಕ್ಟರಿಕೆ ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ವಿಷಯವನ್ನು ಆದಷ್ಟು ಮರ್ಯಾದೆಯ ಮಾತಿನಲ್ಲಿ ಹೇಳಿದೆ. ನನ್ನ ಹೆಂಡತಿ ಗಿರಿಜೆ ಸೆರಗು ಬಾಯಿಗೆ ಒತ್ತಿಕೊಂಡಳು. ಅವ್ವ ಆಗಷ್ಟೇ ಪೂಜೆ ಮುಗಿಸಿ ಎದ್ದಿದ್ದಳು. "ಗಾಜಿನ ಕಡ್ಡಿ ಇನ್ನೊಂದು ತರಬೋದು. ಇದು ಇನ್ನೊಂದು ಬರತ್ತಾ? ನಡಿ," ಅಂದಳು.

ಮುಂದಿನದು ಹೇಳಿದಷ್ಟು ಸುಲಭವಾಗಲಿಲ್ಲ. ನಾಯಿಯ ಬಾಲವನ್ನು ನಾವು ಸಂತೋಷದ ಬಾವುಟ ಎಂದು ತಿಳಿದಿದ್ದೇವೆ. ಅದು ಮೂಲತಃ ಬಾಗಿಲು. ನಾನು ಹಿಂದೆ ಹೋದರೆ ಮೂದೇವಿ ಬಾಲ ಮುಚ್ಚಿ ಕೂತುಬಿಡುವುದು. ಎಬ್ಬಿಸಿದರೆ ತಿರುಗಿ ನನ್ನ ಎದುರಿಗೇ ನಿಂತು, ಏನು ಸಮಾಚಾರ ಎನ್ನುವಂತೆ ನೋಡುವುದು. ನಾವಿಬ್ಬರೂ ಕಂಬದ ಸುತ್ತ ಪ್ರದಕ್ಷಿಣೆ ಹಾಕಿದೆವು. ಎದುರು ಜಗಲಿಯಲ್ಲಿ ರಾಮಶೇಷಯ್ಯನವರ ಇಡೀ ಸಂಸಾರ ಕೂತು ನೋಡುತ್ತಿತ್ತು.

ಕೊನೆಗೆ ಅವ್ವ ಬಾಗಿಲ ಮೆಟ್ಟಿಲ ಮೇಲೆ ಕೂತಳು. ಉಟ್ಟದ್ದು ಮಡಿಸೀರೆ. ಯಾರೂ ಮುಟ್ಟದಂತೆ ಗಳದ ಮೇಲೆ ಎತ್ತರದಲ್ಲಿ ಒಣಗಿಸುತ್ತಿದ್ದ ಸೀರೆ ಅದು. ನಾನು ಚಿಕ್ಕಂದಿನಲ್ಲಿ ತಾಕಿದರೂ ಮತ್ತೆ ನೀರಿಗೆ ಹೋಗುತ್ತಿತ್ತು. "ಮೂದೇವಿ, ಬಾ ಇಲ್ಲಿ," ಅಂದಳು. ಅದು ಹಗ್ಗ ಎಳೆದುಕೊಂಡು ಹೋಗಿ, ಜೊಲ್ಲು ಸುರಿಯುವ ಮೂತಿಯನ್ನು ಆ ಸೀರೆಯ ಮಡಿಲಲ್ಲಿ ಇಟ್ಟಿತು. ಅವ್ವ ಅದರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು. "ನಾನೇ ಕಣೋ ಹಬ್ಬದ ದಿನ ಇದಕ್ಕೆ ಕಬ್ಬು ಕೊಟ್ಟಿದ್ದು. ಅದೇ ಉಷ್ಣ ಆಗಿ ಹಿಂಗಾಯ್ತೋ ಏನೋ," ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. ದಿನವಿಡೀ ಆ ನಾಯಿಗೆ ಸಹಸ್ರನಾಮ ಹೇಳುವವಳು ಹಬ್ಬದ ಪಾಲನ್ನು ಅದಕ್ಕೂ ಎತ್ತಿಟ್ಟಿದ್ದಳೆಂಬುದು ನನಗೆ ಗೊತ್ತೇ ಇರಲಿಲ್ಲ.

ಗಿರಿಜೆ ಬಾಲ ಎತ್ತಿಹಿಡಿದಳು. ನಾನು ಹರಳೆಣ್ಣೆ ಸವರಿದ ಥರ್ಮಾಮೀಟರನ್ನು ಸರಿಯಾದ ಜಾಗಕ್ಕೆ ಸೇರಿಸಿದೆ. ಆ ಅವಮಾನಕ್ಕೆ ಮೂದೇವಿ ಆಕಾಶಕ್ಕೆ ಮುಖವೆತ್ತಿ, ಬಾಯಿ ಪೂರ್ತಿ ತೆರೆದು, ಊರೆಲ್ಲ ಕೇಳುವಂತೆ ಕೂಗಿಕೊಂಡಿತು.

"ಅಯ್ಯೋ, ತಡಿ ತಡಿ! ಅಂಗುಳಲ್ಲಿ ಏನೋ ಅಡ್ಡ ಸಿಕ್ಕೊಂಡದೆ ಕಣೋ!" ಅವ್ವ ಕೂಗಿದಳು. ಡಾಕ್ಟರ ಮಾತನ್ನು ನಾನು ನೆನಪಿಸುವ ಮೊದಲೇ ಅವಳ ಬೆರಳು ನಾಯಿಯ ಬಾಯೊಳಗಿತ್ತು. ಹೊರಗೆ ಬಂದದ್ದು ಕಬ್ಬಿನ ಗಿಣ್ಣಿನ ಒಂದು ಸಿಬಿರು. ಮೇಲಿನ ಎರಡು ಸಾಲು ದವಡೆ ಹಲ್ಲುಗಳ ನಡುವೆ ತೊಲೆಯ ಹಾಗೆ ಅಡ್ಡ ಕೂತಿತ್ತು. ಮೂದೇವಿ ಬಾಯಿ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ನಂಬಿಕೆ ಬಂದ ಮೇಲೆ ಅವ್ವನ ಮುಖವನ್ನು ಗದ್ದದಿಂದ ವಿಭೂತಿಯ ತನಕ ನೆಕ್ಕಿತು.

ನಾನು ಥರ್ಮಾಮೀಟರನ್ನು ತೆಗೆದು ಓದಿದೆ. ನೂರಾ ಎರಡಕ್ಕೆ ಸ್ವಲ್ಪ ಕಮ್ಮಿ. ಅಪ್ಪಟ ಆರೋಗ್ಯ. ಅದರ ಪಾದರಸ ನಮಗೇನೂ ಹೇಳಲಿಲ್ಲ. ಆದರೂ ರೋಗ ಪತ್ತೆಯಾದದ್ದು ಅದರಿಂದಲೇ. ಹಿಂದಿನ ಬಾಗಿಲು ತಟ್ಟಿದ್ದಕ್ಕೆ ಮುಂದಿನ ಬಾಗಿಲು ತೆರೆಯಿತು.

ಸಾಯಂಕಾಲ ಡಾಕ್ಟರು ಬಂದಾಗ ಮೂದೇವಿ ಮೊಸರನ್ನದ ತಟ್ಟೆಯನ್ನು ಅಂಗಳದ ತುಂಬ ತಳ್ಳಾಡುತ್ತ ನೆಕ್ಕುತ್ತಿತ್ತು. ಅವರು ಬಾಯಿ ನೋಡಿ, ಔಷಧಿ ಹಚ್ಚಿ, ಕೆಲವು ದಿನ ಕಟ್ಟಿಹಾಕಿ ಗಮನಿಸಬೇಕು, ಭಯವೇನಿಲ್ಲ ಎಂದರು. ಅವ್ವನ ಕೈಯನ್ನೂ ತಿರುಗಿಸಿ ನೋಡಿ, "ಹಲ್ಲು ಏನಾದ್ರೂ ತಗುಲ್ತಾ ತಾಯಿ?" ಎಂದು ಕೇಳಿದರು.

"ಅದರ ಹಲ್ಲಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು?" ಅಂದಳು ಅವ್ವ. ರಾಮಶೇಷಯ್ಯನವರು ಸಂಕೋಚದಿಂದ ಗೇಟು ದಾಟಿ ಬಂದು, ಹಬ್ಬದಲ್ಲಿ ಮಿಕ್ಕಿದ್ದ ಎಳ್ಳುಬೆಲ್ಲವನ್ನು ಮೂದೇವಿಯ ಮುಂದೆ ಸುರಿದರು. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡುವ ಸರದಿ ಅದರದ್ದು. ಅದೂ ಏನೂ ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಅವರ ಕೈ ಮೂಸಿತು.

ಹೊಸ ಥರ್ಮಾಮೀಟರು ಕೊಂಡು ತಂದೆ. ಹಳೆಯದರ ಡಬ್ಬಿಗೆ ಕೆಂಪು ದಾರ ಕಟ್ಟಿ ಹೊರಗಿನ ಗೂಡಿನಲ್ಲಿಟ್ಟೆ. ಆದರೂ ಜ್ವರ ನೋಡಿಸಿಕೊಳ್ಳಲು ಬಂದವರೆಲ್ಲ ಕೈ ಎತ್ತುವ ಮುಂಚೆ "ಇದು ಯಾವುದು?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಅದಾದ ಮುಂದಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಮೂದೇವಿ ಹೊಸ್ತಿಲು ದಾಟಿ, ನಡುಮನೆ ದಾಟಿ, ಅಡುಗೆಮನೆಯ ಬಾಗಿಲ ತನಕ ಹೋಯಿತು. ಅವ್ವ ನೋಡಿಯೂ ಏನೂ ಅನ್ನಲಿಲ್ಲ. ನಾನು ಸಾಯಂಕಾಲ ತಡವಾಗಿ ಬಂದೆ. ಅದಕ್ಕೂ ಏನೂ ಅನ್ನಲಿಲ್ಲ. ಕೇಳದೆಯೇ ಥರ್ಮಾಮೀಟರು ತಂದು ಅವಳ ಕಂಕುಳಲ್ಲಿಟ್ಟೆ. ಜ್ವರ ಜೋರಾಗಿತ್ತು. ಮಲ್ಲೇಶ್ವರದ ಡಾಕ್ಟರು ಬಂದು ಹೋಗುವುದು, ಔಷಧಿ, ಗಂಜಿ, ಹಣೆಗೆ ಒದ್ದೆ ಬಟ್ಟೆ ಎಂದು ವಾರಗಳು ಕಳೆದವು. ಮನೆ ತಣ್ಣಗಾಗಿತ್ತು. ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಮೂದೇವಿ ತಾನಾಗಿ ಹೊಸ್ತಿಲ ಆಚೆಗೆ ಹೋಗಿ ಮಲಗಿತು. ಆಗ ಆ ದನದ ಡಾಕ್ಟರ ಮಾತು ನೆನಪಾಯಿತು. ಆ ಬೈಗುಳವೇ ಅವ್ವನ ಸಹಜದ ಕಾವು. ಇಷ್ಟು ವರ್ಷ ನಾನು ನನ್ನ ಕೆಂಪು ಗುರುತಿನಿಂದ ಅದನ್ನು ಅಳೆದು, ಮೇಲೆ ನನ್ನದೊಂದು ಡಿಗ್ರಿ ಸೇರಿಸಿಕೊಂಡು ಕೊರಗುತ್ತಿದ್ದೆ.

ಒಂದು ಬೆಳಿಗ್ಗೆ ನಾನು ಗಂಜಿಗೆ ಒಲೆ ಊದುತ್ತಿದ್ದೆ. ಕೋಣೆಯಿಂದ ದನಿ ಬಂತು. ಸಣ್ಣ ದನಿ, ಆದರೆ ಮೊನೆಯೆಲ್ಲ ಹಾಗೇ ಇತ್ತು: "ಆ ಮೂದೇವಿ ಬಾಲ ಹೊಸ್ತಿಲಿನ ಒಳಗದೆ, ಕಾಣಲ್ವೇನೋ ನಿಂಗೆ? ಕಣ್ಣೇನು ಕಿತ್ತೋಗಿದ್ಯಾ?"

ನಾನು ಥರ್ಮಾಮೀಟರು ತರಲು ಹೋಗಲಿಲ್ಲ. ಹೊಸ್ತಿಲಲ್ಲಿ ಮೂದೇವಿ ಎದ್ದು ನಿಂತು ಬಾಲ ಅಲ್ಲಾಡಿಸಿತು. ನನಗೆ ಬಾಲ ಇಲ್ಲದ್ದರಿಂದ ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದೆ.