ಕೆಳಗಿನ ಮೂರು ತಂಡಗಳು

ಹೋದ ವಾರ ಜ್ವರ ಬಿಡದೆ ಚುಚ್ಚುಮದ್ದಿಗೆ ಹೋಗಿದ್ದೆ. ನರ್ಸ್ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೋಳಿಗೆ ಒರೆಸಿದರು. ಆ ತಣ್ಣನೆಯ, ಮೂಗಿಗೇರುವ ವಾಸನೆಗೆ ನನಗೆ ಹುಮನಾಬಾದ್ ಬಸ್ ನಿಲ್ದಾಣದ ಎದುರಿನ ಇಂಟರ್ನೆಟ್ ಅಂಗಡಿ ನೆನಪಾಯಿತು. ಅಂಗಡಿಯವರು ದಿನಾ ಬೆಳಿಗ್ಗೆ ಹೀಗೆಯೇ ಹತ್ತಿ ಅದ್ದಿಕೊಂಡು, ಮೌಸಿನ ಹೊಟ್ಟೆಯಿಂದ ರಬ್ಬರಿನ ಗುಂಡು ತೆಗೆದು ಒರೆಸುತ್ತಿದ್ದರು. ಆಮೇಲೆ ಕೀಲಿಮಣೆಗಳು. “ಊರ ಮಂದಿ ಕೈ ಎಲ್ಲಾ ಇದರ ಮ್ಯಾಲೇ ಬೀಳ್ತಾವ” ಎಂದು ಗೊಣಗುತ್ತಿದ್ದರು...

ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ನಮ್ಮ ಮನೆ ಬಸವಕಲ್ಯಾಣದಲ್ಲಿ. ಎರಡು ಸಾವಿರದ ಮೊದಲ ವರ್ಷಗಳಲ್ಲಿ ನಾನು ಬಿ.ಎಸ್ಸಿ. ಓದಲು ಹುಮನಾಬಾದಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮೊದಲ ವರ್ಷದ ಫಲಿತಾಂಶ ನೋಡಲು ಆ ಅಂಗಡಿಗೆ ಹೋದದ್ದು. ಹುಡುಗಿಯರು ಬಂದರೆ ಅಣ್ಣ ಕೌಂಟರಿನ ಪಕ್ಕದ ಕಂಪ್ಯೂಟರನ್ನೇ ಕೊಡುತ್ತಿದ್ದರು. ಅದಕ್ಕೆ ಉಳಿದವಕ್ಕಿದ್ದಂತೆ ಮರೆಯ ಬಟ್ಟೆ ಇರಲಿಲ್ಲ, ನಡುವೆ ಒಂದು ಪ್ಲೈವುಡ್ ಹಲಗೆ ಮಾತ್ರ. ನನ್ನ ಅಂಕಗಳನ್ನು ಹಲಗೆಯ ಮೇಲಿಂದ ಇಣುಕಿ ನೋಡಿದವರು, “ಸ್ಟ್ಯಾಟಿಸ್ಟಿಕ್ಸಿನಾಗ ಇಷ್ಟು ಬಂದಾವಲ್ಲ ತಂಗಿ, ನನ್ನದೊಂದು ಲೆಕ್ಕ ನೋಡ್ತಿಯೇನು?” ಎಂದರು.

ಲೆಕ್ಕವೆಂದರೆ ಅವರ ಬೇಸ್‌ಬಾಲ್ ತಂಡ. ಕ್ರಿಕೆಟ್ಟಿನಂಥದ್ದೇ ಏನೋ ಇರಬೇಕೆಂದು ಪುಕ್ಕಟೆ ಸಿಕ್ಕ ಒಂದು ಆನ್‌ಲೈನ್ ಆಟಕ್ಕೆ ಸೇರಿಕೊಂಡು, ಅದರ ಹುಚ್ಚು ಹಿಡಿಸಿಕೊಂಡಿದ್ದರು. ಆ ಲೀಗಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಂಡ. ಬಹುಪಾಲು ಸದಸ್ಯರು ಅಮೆರಿಕದವರು. ಆಟಗಾರರನ್ನು ಹುಟ್ಟಿಸುವುದೂ ಕಂಪ್ಯೂಟರು, ಅವರ ಅಂಕಿಅಂಶಗಳನ್ನು ಹಿಡಿದು ದಿನಕ್ಕೊಂದು ಪಂದ್ಯ ಆಡಿಸುವುದೂ ಅದೇ. ಯಾರನ್ನು ಇಳಿಸಬೇಕು, ಯಾರನ್ನು ಕೂರಿಸಬೇಕು ಎನ್ನುವುದಷ್ಟೇ ನಮ್ಮ ಕೆಲಸ. ಮುಖ್ಯ ತಂಡದ ಕೆಳಗೆ ಇನ್ನೂ ಮೂರು ತಂಡಗಳಿರುತ್ತಿದ್ದವು. ಎಳೆಯ ಆಟಗಾರರು ಅಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬರಬೇಕು. ಅಣ್ಣನಿಗೆ ಮುಖ್ಯ ತಂಡದ ಗೆಲುವು ಸೋಲುಗಳಲ್ಲಿ ಆಸಕ್ತಿ, ಕೆಳಗಿನವರನ್ನು ನೋಡುವ ತಾಳ್ಮೆ ಇರಲಿಲ್ಲ. ಅದನ್ನು ನನಗೆ ಬಿಟ್ಟರು. ಪಾಸ್‌ವರ್ಡನ್ನೂ ಕೊಟ್ಟರು.

ನಾನು ಯಾರೊಂದಿಗೂ ಹೆಚ್ಚು ಬೆರೆಯುವವಳಲ್ಲ. ಆದರೆ ಆ ಹುಡುಗರು ನನಗೆ ಚೆನ್ನಾಗಿ ಅರ್ಥವಾಗುತ್ತಿದ್ದರು. ಯಾರ ತೋಳು ದಣಿದಿದೆ, ಯಾರನ್ನು ಒಂದು ಮೆಟ್ಟಿಲು ಕೆಳಗಿಳಿಸಿದರೆ ಒಳ್ಳೆಯದು, ಯಾರು ಒಂದೇ ಜಾಗಕ್ಕೆ ಇಬ್ಬರಾಗಿ ಇಬ್ಬರೂ ಬೆಳೆಯದೆ ಉಳಿದಿದ್ದಾರೆ... ಸಂಜೆ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಇದೆಲ್ಲ ನೋಡಿ ಮರುದಿನದ ತಂಡಗಳನ್ನು ಹಾಕಿ ಹೋಗುತ್ತಿದ್ದೆ. ತಡವಾದ ಒಂದು ದಿನ ಅವ್ವ ವಿಚಾರಿಸಿದಳು.

“ಆ ಆಟ ಯಾರ್ ಆಡ್ತಾರ?”

“ಯಾರೂ ಆಡಂಗಿಲ್ಲವ್ವಾ, ಕಂಪ್ಯೂಟರ್ ಆಡ್ತದ.”

“ಮತ್ತ ನೀ ಏನ್ ಮಾಡ್ತಿ?”

“ಯಾರ್ ಏಳಬೇಕು, ಯಾರ್ ಕುಂದ್ರಬೇಕು ಹೇಳ್ತೀನಿ.”

“ಅದನ್ನ ಮನ್ಯಾಗ ನಿಮ್ಮಪ್ಪಗ ಹೇಳು, ನನಗ ಭಾಳ ಉಪಕಾರ ಆಗ್ತದ.”

ಅತಿ ಕೆಳಗಿನ ತಂಡದಲ್ಲಿ ಹದಿನೇಳರ ಒಬ್ಬ ಎಡಗೈ ಹುಡುಗನಿದ್ದ. ಚೆಂಡು ಎಸೆಯುವವನು, ಅಂದರೆ ಪಿಚರ್. ವೇಗ ಬಹಳ, ಹಿಡಿತವಿಲ್ಲ. ಅಣ್ಣನಿಗೆ ಅವನನ್ನು ಕೂಡಲೇ ಮೇಲಕ್ಕೆ ತರುವ ಆತುರ.

“ತಂಗಿ, ಆ ಎಡಚ್ಯಾನ ತರೋಣೇನು?”

“ಇನ್ನೂ ಬ್ಯಾಡ್ರಿ ಅಣ್ಣಾ. ಚೆಂಡು ಎಲ್ಲಿ ಬೀಳ್ತದ ಅಂತ ಅವಗೇ ಗೊತ್ತಿಲ್ಲ.”

“ನೀ ಅವನ ಹೆಡ್‌ಮಾಸ್ತರಗಿಂತ ಕಠಿಣ ಅದಿ ನೋಡು.”

ಆ ಆಟದಲ್ಲಿ ನಾಲ್ಕೈದು ತಿಂಗಳಿಗೊಂದು ಹಂಗಾಮು. ಎರಡು ಹಂಗಾಮು ಅವನನ್ನು ಕೆಳಗೇ ಇಟ್ಟೆ. ಮೂರನೆಯದರಲ್ಲಿ ಅವನು ಮೇಲೆ ಬಂದಾಗ ಲೀಗಿನ ಸದಸ್ಯರೆಲ್ಲ ಚರ್ಚೆಯ ಪುಟದಲ್ಲಿ ಅವನ ಬಗ್ಗೆಯೇ ಬರೆದರು. ಎಳೆಯರನ್ನು ಚೆನ್ನಾಗಿ ಬೆಳೆಸಿದ ಸದಸ್ಯರ ಹೆಸರನ್ನು ಆ ಲೀಗಿನಲ್ಲಿ ಹಂಗಾಮಿಗೊಮ್ಮೆ ಮುಖಪುಟದ ನೆತ್ತಿಯ ಮೇಲೆ ಹಾಕುತ್ತಿದ್ದರು. ಅಣ್ಣನ ಹೆಸರು ಎರಡು ಸಲ ಬಂತು. ಅಂಗಡಿಗೆ ಬಂದವರಿಗೆಲ್ಲ ಚಹಾ ಕುಡಿಸಿದರು.

ಸಹಾಯಕರನ್ನು ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿತ್ತು, ಲೀಗಿಗೆ ತಿಳಿಸಿರಬೇಕು ಅಷ್ಟೆ. ನಾನು ಒಮ್ಮೆ ಕೇಳಿಯೂ ಇದ್ದೆ, “ನನ್ನ ಬಗ್ಗೆ ಅವರಿಗೆ ಹೇಳೀರೇನ್ರಿ?”

“ಯಾವತ್ತೋ ಹೇಳೇನಿ ತಂಗಿ, ಎಲ್ಲರಿಗೂ ಮಾಲೂಮ್ ಅದ. ಒಂದು ತಂಡ ಖಾಲಿ ಆಗ್ಲಿ, ನಿನ್ನ ಹೆಸರು ನಾನೇ ಕೊಡ್ತೀನಿ. ನನ್ನ ಮ್ಯಾಲ ಭರೋಸಾ ಇಡು.”

ಇಟ್ಟೆ. ನನ್ನ ತಂಡಕ್ಕೆ ಕಲ್ಯಾಣ ಎಂದು ಹೆಸರಿಡುವುದಾಗಿ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ನನ್ನದೆಂದು ಒಂದು ಕಪಾಟೂ ಇರಲಿಲ್ಲ. ಹಾಗಾಗಿ ಒಂದು ಇಡೀ ತಂಡ ನನ್ನದಾಗುವ ಯೋಚನೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಎಷ್ಟೋ ದೂರ ಕರೆದೊಯ್ಯುತ್ತಿತ್ತು...

ಕೊನೆಯ ವರ್ಷದ ಪರೀಕ್ಷೆ ಮುಗಿದ ಮೇಲೆ ಒಂದು ತಂಡ ಖಾಲಿಯಾಯಿತು. ಅರ್ಜಿಯನ್ನು ತಂಡ ಬೇಕಾದವರೇ ಹಾಕಬೇಕಿತ್ತು, ಅಣ್ಣನಿಗೆ ಹೇಳಿ ನಾನು ಹಾಕಿದೆ. ಎರಡು ವರ್ಷ ಅಣ್ಣನ ಹುಮನಾಬಾದ್ ತಂಡದ ಕೆಳಗಿನ ಮೂರು ತಂಡಗಳನ್ನು ನೋಡಿಕೊಂಡಿದ್ದೇನೆ ಎಂದು ಬರೆದೆ. ಲೀಗಿನ ಚಾಟ್ ರೂಮಿನಲ್ಲಿ ಎಲ್ಲ ಸದಸ್ಯರೂ ಸೇರಿ ತೀರ್ಮಾನಿಸುತ್ತಾರೆ, ಅರ್ಜಿ ಹಾಕಿದವರು ಬಂದು ನೋಡಬಹುದು ಎಂದು ಉತ್ತರ ಬಂತು. ಅವರಿಗೆ ರಾತ್ರಿ, ನಮಗೆ ಬೆಳಿಗ್ಗೆ. ಮೊದಲ ಬಸ್ಸು ಹಿಡಿದು ಹೋದೆ. ಅಣ್ಣ ಶಟರ್ ಅರ್ಧ ಎತ್ತಿ, ಹತ್ತಿ ಸ್ಪಿರಿಟ್ಟು ಹಿಡಿದು ಕೂತಿದ್ದರು. ಬೇರೆ ಯಾರೂ ಇರಲಿಲ್ಲ. “ಬಾ ತಂಗಿ, ಕುಂಡ್ರು” ಎಂದರು.

ನಾನು ನನ್ನ ಕಂಪ್ಯೂಟರಿನಲ್ಲಿ, ಅವರು ಕೌಂಟರಿನಲ್ಲಿ. ಇಬ್ಬರೂ ಅದೇ ಚಾಟ್ ರೂಮಿನಲ್ಲಿದ್ದೆವು. ನನ್ನ ಅರ್ಜಿಯ ಸರದಿ ಬಂದಾಗ ಲೀಗ್ ನಡೆಸುವವನು ಅಣ್ಣನನ್ನು ಉದ್ದೇಶಿಸಿ ಬರೆದ. ಈ ಹುಡುಗಿ ನಿಮ್ಮ ಇಂಟರ್ನೆಟ್ ವಿಳಾಸದಿಂದಲೇ ಬರುತ್ತಿದ್ದಾಳೆ, ನಿಮ್ಮ ಎಳೆಯರನ್ನೆಲ್ಲ ತಾನೇ ಬೆಳೆಸಿದೆ ಎನ್ನುತ್ತಾಳೆ, ನೀವು ನಮಗೆ ಇಂಥ ಸಹಾಯಕಿಯ ಹೆಸರು ಹೇಳಿಲ್ಲ, ಇದು ನಿಜವೇ?

ಹೇಳಿಲ್ಲ. ಆ ಮಾತನ್ನು ಮತ್ತೊಮ್ಮೆ ಓದಿದೆ. ಅಷ್ಟರಲ್ಲಿ ಹಲಗೆಯ ಆಚೆಯಿಂದ ಕೀಲಿಗಳ ಸದ್ದು ಕೇಳಿತು. ಅವರು ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಸದ್ದು ನಿಂತಿತು, ಮತ್ತೆ ಶುರುವಾಯಿತು. ಕೊನೆಗೆ ನನ್ನ ಪರದೆಯ ಮೇಲೆ ಅವರ ಸಾಲು ಬಂತು. ಇಲ್ಲ, ನನ್ನದು ಇಂಟರ್ನೆಟ್ ಅಂಗಡಿ, ದಿನಾ ಎಷ್ಟೋ ಜನ ಬರುತ್ತಾರೆ, ಇದು ಯಾರೋ ಗಿರಾಕಿ ಇರಬೇಕು, ನನಗೆ ಪರಿಚಯವಿಲ್ಲ.

ಸುಳ್ಳು ಹೇಳಿ ತಂಡ ಕೇಳಿದವಳೆಂದು ನನ್ನ ಅರ್ಜಿಯನ್ನು ತೆಗೆದುಹಾಕಿದರು. ನಾನು ಒಂದು ಸಾಲನ್ನೂ ಬರೆಯಲಿಲ್ಲ. ಬರೆಯುವುದಕ್ಕೆ ನನಗೆ ಅಲ್ಲಿ ಹಕ್ಕಿರಲಿಲ್ಲ, ನೋಡಬಹುದಿತ್ತು ಅಷ್ಟೆ.

ಅಣ್ಣ ಎದ್ದು ಬಂದು ಹಲಗೆಯ ಪಕ್ಕ ನಿಂತರು.

“ಸಿಟ್ಟಾಗಬ್ಯಾಡ ತಂಗಿ. ಎರಡು ಸಲ ನನ್ನ ಹೆಸರು ಮ್ಯಾಲ ಹಾಕ್ಯಾರ. ಈಗ ನೀ ಮಾಡಿದ್ದು ಅಂದ್ರ ಅದನ್ನ ತೆಗೀತಾರ. ಅಷ್ಟು ಮಂದ್ಯಾಗ ನನ್ನ ಇಜ್ಜತ್ ಏನ್ ಉಳೀತದ?”

“ನಾ ಇಲ್ಲೇ ಕುಂತೀನಿ, ಓದಾಕತ್ತೀನಿ ಅಂತ ಗೊತ್ತಿತ್ತಲ್ರೀ?”

ಅವರು ನೆಲ ನೋಡಿದರು. “ಗೊತ್ತಿತ್ತು.”

ನಾನು ಚೀಲ ತೆಗೆದುಕೊಂಡೆ. ಆಗ ಅವರು ಹೇಳಿದ ಮಾತನ್ನು ಈಗ ನೆನೆದರೆ ನಗಬೇಕೋ ಏನು ಮಾಡಬೇಕೋ ತಿಳಿಯುವುದಿಲ್ಲ. “ಇವತ್ತಿನ ಹುಡುಗರ ತಂಡ ಒಂದು ಹಾಕಿ ಹೋಗ್ತಿಯೇನು ತಂಗಿ? ನನಗ ಅದು ತಿಳಿಯಂಗಿಲ್ಲ.”

ಹಾಕಿದೆ. ಮತ್ತೆ ಕೂತು, ಅವರ ಪಾಸ್‌ವರ್ಡಿನಲ್ಲೇ ಒಳಗೆ ಹೋಗಿ, ಹಿಂದಿನ ದಿನ ಎಸೆದು ದಣಿದಿದ್ದ ಇಬ್ಬರನ್ನು ಕೂರಿಸಿ, ಪ್ರತಿ ಜಾಗಕ್ಕೂ ಆಳು ಇದ್ದಾರೆಯೇ ಎಂದು ಮೂರು ತಂಡಗಳಲ್ಲೂ ನೋಡಿ ಎದ್ದೆ. ತಂಡ ಹಾಕದೆ ಬಿಟ್ಟು ಹೋದರೆ ಆ ಹುಡುಗರ ತೋಳು ಕೆಡುತ್ತಿತ್ತು. ಕಂಪ್ಯೂಟರಿನ ಹುಡುಗರು, ತೋಳೂ ಕಂಪ್ಯೂಟರಿನದು, ಗೊತ್ತು. ಆದರೂ...

ಆಮೇಲೆ ನಾನು ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಎಂ.ಎಸ್ಸಿ.ಗೆ ಕಲಬುರಗಿಗೆ ಹೋದೆ. ಹುಮನಾಬಾದಿನಲ್ಲಿ ಬಸ್ಸು ನಿಂತಾಗ ಆಚೆ ಕಡೆಯ ಕಿಟಕಿಯತ್ತ ತಿರುಗಿ ಕೂರುತ್ತಿದ್ದೆ. ಅವ್ವ ಒಮ್ಮೆ, “ನಿನ್ನ ಆಟ ಏನಾತು?” ಎಂದಳು. “ಮುಗೀತವ್ವಾ” ಎಂದೆ.

ಕೆಲವು ವರ್ಷಗಳ ಮೇಲೆ ಗೆಳತಿಯ ಮದುವೆಯಲ್ಲಿ ಅವರು ಸಿಕ್ಕರು. ಹುಮನಾಬಾದಿನಲ್ಲೇ ಮದುವೆ. ಊಟದ ಸಾಲಿನಲ್ಲಿ ನಾನು ಕಾಣದಂತೆ ಸರಿಯುವಷ್ಟರಲ್ಲಿ ಅವರೇ ಹತ್ತಿರ ಬಂದು, ಜೊತೆಗಿದ್ದ ನಾಲ್ಕಾರು ಜನರಿಗೆ ನನ್ನನ್ನು ತೋರಿಸಿದರು. “ನೋಡ್ರಿ, ನನ್ನ ಅಂಗಡ್ಯಾಗ ಆ ಬೇಸ್‌ಬಾಲ್ ಟೀಮ್ ಇತ್ತಲ್ಲ, ಅದರ ಹುಡುಗೋರನ್ನೆಲ್ಲ ತಯಾರ್ ಮಾಡಿದಾಕಿ ಈಕಿನೇ. ಹೆಸರು ನಂದು, ಕೆಲಸ ಈಕಿದು. ನಾ ಏನೂ ಮಾಡಿಲ್ರಿ!”

ಎಷ್ಟು ಸಲೀಸಾಗಿ ಹೇಳಿದರು. ಕೇಳಿದವರಲ್ಲಿ ಒಬ್ಬರು, “ಹೌದ್ರೀ? ಛಲೋ ಆತು ಬಿಡ್ರಿ” ಎಂದು ಜಿಲೇಬಿಗೆ ತಟ್ಟೆ ಚಾಚಿದರು. ಅವತ್ತು ಬೆಳಿಗ್ಗೆ ಒಂದು ಸಾಲಿನಲ್ಲಿ ಬರೆಯಬಹುದಾಗಿದ್ದ ಮಾತು. ಈಗ ಅದನ್ನು ಹೇಳಿದರೆ ಅವರಿಗೆ ಏನೂ ನಷ್ಟವಿರಲಿಲ್ಲ, ನನಗೆ ಏನೂ ಸಿಗುವುದಿರಲಿಲ್ಲ.

“ಇನ್ನೂ ಸಿಟ್ಟದೇನು ತಂಗಿ?” ಎಂದು ತಗ್ಗಿದ ದನಿಯಲ್ಲಿ ಕೇಳಿದರು.

“ಇಲ್ರಿ” ಎಂದೆ. ಬಸ್ಸಿನಲ್ಲಿ ಕಾಲು ತುಳಿದವರಿಗೆ ಹೇಳುವಂತೆ ಹೇಳಿದೆ. ಅವರು ನಂಬಿದರು, ಮುಖ ಹಗುರವಾಯಿತು.

ಹೋದ ಚಳಿಗಾಲದಲ್ಲಿ ಅವರು ಹೋಗಿಬಿಟ್ಟರು, ಹೃದಯದ ತೊಂದರೆಯಂತೆ. ಅದೇ ಗೆಳತಿ ಫೋನಿನಲ್ಲಿ ತಿಳಿಸಿದಳು. ಆ ರಾತ್ರಿ ಲೀಗಿನ ವಿಳಾಸ ಹಾಕಿ ನೋಡಿದೆ. ಪುಟ ತೆರೆಯಲಿಲ್ಲ, ಎಂದೋ ಮುಚ್ಚಿಹೋಗಿರಬೇಕು. ಅವರ ಹೆಸರೂ ಇಲ್ಲ, ನನ್ನ ತಿರಸ್ಕೃತ ಅರ್ಜಿಯೂ ಇಲ್ಲ.

ನಾನು ಅವರನ್ನು ಕ್ಷಮಿಸಿರಲಿಲ್ಲ, ಈಗಲೂ ಇಲ್ಲ. ಆದರೆ ಸುದ್ದಿ ಕೇಳಿದಾಗಿನಿಂದ ಒಂದು ವಿಷಯ ಕಾಡುತ್ತಿದೆ. ಆ ಎರಡು ವರ್ಷ ಪ್ರತಿ ಸಂಜೆ ಕೂತು ಆ ಹುಡುಗರನ್ನು ಮೇಲೆ ತಂದವಳು ನಾನೇ ಎಂದು ಕಣ್ಣಾರೆ ಕಂಡವರು ಜಗತ್ತಿನಲ್ಲಿ ಒಬ್ಬರೇ ಇದ್ದರು. ಅಲ್ಲವೆಂದು ಹೇಳಿದವರೂ ಅವರೇ. ಈಗ ಯಾರಾದರೂ ನಿಜವೇ ಎಂದು ಕೇಳಿದರೆ, ಹೌದೆನ್ನಲು ನನ್ನ ಹೊರತು ಯಾರೂ ಉಳಿದಿಲ್ಲ.